ನೋಡುವವರಿಗೆ ಸ್ನಾನವಾಗಿದೆಯೇ?

ನಮ್ಮ ಓಣಿಗೆ ಸರ್ಕಾರದ ಕಣ್ಣು ಬಂದದ್ದು ಒಂದು ಆಗಸ್ಟ್ ಹದಿನೈದರಂದು, ಜಿಲೇಬಿಯ ಸಮೇತ.

ಅದರ ಹಿಂದಿನ ಶ್ರಾವಣದಲ್ಲಿ ಓಣಿಯ ಒಂದು ಮನೆಯವರು ಉರುಕುಂದದ ಈರಣ್ಣನ ದರ್ಶನಕ್ಕೆ ಹೋಗಿದ್ದಾಗ ಯಾರೋ ಬೀಗ ಮುರಿದು ಗ್ಯಾಸ್ ಸಿಲಿಂಡರನ್ನೂ ಅಜ್ಜಿಯ ಕಾಲದ ಹಿತ್ತಾಳೆ ಹಂಡೆಯನ್ನೂ ಹೊತ್ತುಕೊಂಡು ಹೋಗಿದ್ದರು. ಅಂದಿನಿಂದ ನಮ್ಮ ಎದುರುಮನೆಯ ಡ್ರಿಲ್ ಮಾಸ್ತರಿಗೆ ಊಟ ಸೇರುತ್ತಿರಲಿಲ್ಲ. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಕೊರಳಲ್ಲಿ ಸೀಟಿ ತೂಗುಹಾಕಿಕೊಂಡೇ ಓಡಾಡುವ ಮನುಷ್ಯ ಅವರು. ಓಣಿಯ ಸಂಘಕ್ಕೆ ತಾವೇ ಕಾರ್ಯದರ್ಶಿ, ತಾವೇ ಕಾವಲುಗಾರ. ಪೊಲೀಸ್ ಠಾಣೆಗೆ ಚಪ್ಪಲಿ ಸವೆಯುವಷ್ಟು ಓಡಾಡಿ, ಮನೆಮನೆಯಿಂದ ವಂತಿಗೆ ಎತ್ತಿ, ಓಣಿಯ ನಡುವೆ ಒಂದು ಕಂಬ ನೆಡಿಸಿ ಅದರ ತುದಿಗೆ ಕ್ಯಾಮೆರಾ ಕೂಡಿಸಿದರು. ಅದು ನೋಡಿದ್ದು ಠಾಣೆಯ ಪರದೆಗೂ ಹೋಗುತ್ತಿತ್ತು, ಮಾಸ್ತರ ಫೋನಿಗೂ ಬರುತ್ತಿತ್ತು.

ಹೊಸದಾಗಿ ಏನು ಬಂದರೂ ಪೂಜೆ ಮಾಡದೆ ಆಂಧ್ರದ ಅಂಚಿನಲ್ಲಿರುವ ನಮ್ಮ ಆದೋನಿಯವರಿಗೆ ಸಮಾಧಾನವಿಲ್ಲ. ಟ್ರ್ಯಾಕ್ಟರಿಗೆ ಮಾಡುತ್ತೇವೆ, ಫ್ರಿಜ್ಜಿಗೆ ಮಾಡುತ್ತೇವೆ, ಹತ್ತಿ ಮಿಲ್ಲಿನ ಯಂತ್ರಕ್ಕಂತೂ ಮಾಡಲೇಬೇಕು. ಕ್ಯಾಮೆರಾಕ್ಕೆ ಬಿಡುತ್ತೇವೆಯೇ? ಪುರೋಹಿತರು ಏಣಿ ಹತ್ತಲು ಒಪ್ಪದ್ದರಿಂದ ಲೈನ್‌ಮನ್ ಕೈಗೆ ಬಟ್ಟಲು ಕೊಟ್ಟು ಮೇಲೆ ಕಳಿಸಿದರು. ಅವನು ಭಕ್ತಿವಂತ. ಮುಖ ಎಲ್ಲಿದೆಯೋ ಅಲ್ಲೇ ಕುಂಕುಮ ಹಚ್ಚಬೇಕಲ್ಲವೇ? ಗಾಜಿನ ಮೇಲೇ ಧಾರಾಳವಾಗಿ ಹಚ್ಚಿ ಕೈಮುಗಿದು ಇಳಿದ. ಐದು ನಿಮಿಷಕ್ಕೆ ಠಾಣೆಯಿಂದ ಫೋನು ಬಂತು: ನಿಮ್ಮ ಓಣಿ ಪೂರ್ತಿ ಕೆಂಪಗೆ ಕಾಣುತ್ತಿದೆ, ಏನಾದರೂ ಗಲಾಟೆಯೇ ಎಂದು. ಮಾಸ್ತರು ಧ್ವಜಾರೋಹಣಕ್ಕೆಂದು ಹಾಕಿಕೊಂಡಿದ್ದ ಬಿಳಿ ಪ್ಯಾಂಟಿನಲ್ಲೇ ಏಣಿ ಹತ್ತಿ, ತಮ್ಮ ಕರ್ಚೀಫಿನಿಂದ ಸರ್ಕಾರದ ಕಣ್ಣು ಒರೆಸಿದರು.

ಇಳಿದು ಬಂದು ಭಾಷಣ ಮಾಡಿದರು. "ಗಡಿಯೊಳಗ ನಮ್ಮ ಸೈನಿಕ ಬಿಸಿಲು ಚಳಿ ಅನ್ನದ ನಿಂತಿರ್ತಾನ. ನಮ್ಮನ್ನ ಒಂದು ಕ್ಯಾಮೆರಾ ನೋಡಿದ್ರ ನಾವೇನು ಸವದು ಹೋಗ್ತೀವೇನ್ರಿ? ತಪ್ಪು ಮಾಡದವರಿಗೆ ಅಂಜಿಕಿ ಯಾಕ? ದೇಶಭಕ್ತರಿಗೆ ಮುಚ್ಚಿಡೋದು ಏನಿರ್ತದ? ಅಂಜಿಕಿ ಇಲ್ಲದ ಬದುಕೋದೇ ಖರೆ ಸ್ವಾತಂತ್ರ್ಯ!" ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಒಂದು ಕೈಯಲ್ಲಿ ಜಿಲೇಬಿ ಇದ್ದುದರಿಂದ ನಾನು ತೊಡೆಯ ಮೇಲೆ ತಟ್ಟಿದೆ.

ತಟ್ಟದೆ ನಿಂತಿದ್ದವರು ನಮ್ಮ ಅತ್ತೆ ಒಬ್ಬರೇ. ಅವರು ಮೊದಲು ಕ್ಯಾಮೆರಾವನ್ನು ನೋಡಿದರು. ಆಮೇಲೆ ಅದು ಯಾವ ಕಡೆ ನೋಡುತ್ತಿದೆಯೋ ಆ ಕಡೆಗೆ ನಿಧಾನವಾಗಿ ಕತ್ತು ತಿರುಗಿಸಿದರು. ಅದು ಓಣಿಯ ಕೊನೆಗಿರುವ ನಮ್ಮ ಬಾವಿಯನ್ನು ನೋಡುತ್ತಿತ್ತು.

ಇಲ್ಲಿ ಅತ್ತೆಯ ಬಗ್ಗೆ ಹೇಳಬೇಕು. ಎಂಬತ್ತರ ಹತ್ತಿರ ಬಂದಿದ್ದ, ಎರಡು ಹಿಡಿಯಾಗುವಷ್ಟು ಸಣ್ಣ ಹೆಂಗಸು. ಆದರೆ ಅವರ ಮಡಿಗೆ ಓಣಿಗೆ ಓಣಿಯೇ ನಡುಗುತ್ತಿತ್ತು. ಅವರು ಒದ್ದೆ ಸೀರೆಯಲ್ಲಿ ಬಾವಿಯಿಂದ ಕೊಡ ಹೊತ್ತು ಬರುವಾಗ ನಾಯಿಗಳೂ ಕಟ್ಟೆಯ ಮೇಲೆ ಹತ್ತಿ ದಾರಿ ಬಿಡುತ್ತಿದ್ದವು. ನಮ್ಮ ವೈಷ್ಣವರ ಮನೆಗಳಲ್ಲಿ ಎಲ್ಲಿ ಶ್ರಾದ್ಧವಿದ್ದರೂ, ಯಾರ ಮನೆಗೆ ಮಂತ್ರಾಲಯದಿಂದ ಆಚಾರ್ಯರು ಬಂದರೂ ಅಡುಗೆಗೆ ಇವರೇ ಬೇಕು. ಬೇರೆಯವರ ಕೈಯ ನೀರನ್ನೂ ಮುಟ್ಟದ ಒಬ್ಬ ಹಿರಿಯ ಆಚಾರ್ಯರು ಇವರ ಕೈಯ ಕಡಲೆಬೇಳೆ ಬೆಲ್ಲದ ಹಯಗ್ರೀವವನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಚಿಕ್ಕ ವಯಸ್ಸಿಗೆ ಮದುವೆಯಾಗಿ, ಓದಲು ಬಿಡದ ಮನೆಯಲ್ಲಿ ಬಾಳಿ, ಯಜಮಾನರನ್ನು ಕಳೆದುಕೊಂಡ ಮೇಲೂ ಅವರಿಗೆ ಉಳಿದಿದ್ದ ಅಧಿಕಾರವೆಂದರೆ ಈ ಒಲೆಯ ಮುಂದಿನ ಅಧಿಕಾರ ಒಂದೇ.

ಇನ್ನು ಗುಟ್ಟು. ಬಾವಿಯ ಸುತ್ತ ಆಳೆತ್ತರದ ಗೋಡೆ ಇದೆ. ಆ ಗೋಡೆಯ ಒಂದು ಕಲ್ಲು ಬಿದ್ದು ಕಿಂಡಿಯಾಗಿದೆ. ಕಿಂಡಿಯ ಆಚೆ ಮಾರ್ಕೆಟ್ ಯಾರ್ಡಿಗೆ ಹೋಗುವ ರಸ್ತೆ. ಅಲ್ಲಿ ಹಾಲಹರವಿ ಕಡೆಯ ಒಬ್ಬ ಹೆಂಗಸು ಹತ್ತಿ ಹಮಾಲರಿಗಾಗಿ ಬೆಳಕು ಹರಿಯುವ ಮೊದಲೇ ಒಲೆ ಹಚ್ಚಿ ಉಗ್ಗಾಣಿ ಮಾಡುತ್ತಾಳೆ. ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡಿ, ಧಾರಾಳ ಉಳ್ಳಾಗಡ್ಡಿ ಹಾಕಿ ಒಗ್ಗರಣೆ ಕೊಟ್ಟು, ಪುಟಾಣಿ ಪುಡಿ ಉದುರಿಸಿ, ಪಕ್ಕಕ್ಕೆ ಒಂದು ಮೆಣಸಿನಕಾಯಿ ಬಜ್ಜಿ. ಆ ಕಿಂಡಿಯಿಂದ ದಿನಾ ಒಂದು ಎಲೆಯ ತುಂಬ ಉಗ್ಗಾಣಿ ಒಳಗೆ ಬರುತ್ತಿತ್ತು. ಕಿಂಡಿಯಿಂದ ಆಗಾಗ ಮಾವಿನಕಾಯಿ ಉಪ್ಪಿನಕಾಯಿ ಹೊರಗೆ ಹೋಗುತ್ತಿತ್ತು. ಮನೆಯೊಳಗೆ ಉಳ್ಳಾಗಡ್ಡಿಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸು ಎನ್ನುತ್ತಿದ್ದ ನಮ್ಮ ಅತ್ತೆ, ಬಾವಿಕಟ್ಟೆಯ ಮೇಲೆ ಕುಳಿತು ಕಾಲು ಅಲ್ಲಾಡಿಸುತ್ತ ಅದನ್ನು ತಿನ್ನುತ್ತಿದ್ದರು.

ಅವರ ಪ್ರಕಾರ ಇದರಲ್ಲಿ ಅಪಚಾರವೇನೂ ಇರಲಿಲ್ಲ. ತಿನ್ನುವುದು ಸ್ನಾನಕ್ಕಿಂತ ಮೊದಲು. ತಿಂದಾದ ಮೇಲೆ ಬಾಯಿ ತೊಳೆದು, ತುಳಸಿ ಎಲೆ ಅಗಿದು, ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿದುಕೊಂಡು, ಆಮೇಲೆ ಮಡಿ. ಅಡುಗೆ ಮಾಡುವ ಹೆಂಗಸು ಬೇರೆ, ಉಗ್ಗಾಣಿ ತಿಂದ ಹೆಂಗಸು ಬೇರೆ. ಏಕಾದಶಿಯ ದಿನ ಮಾತ್ರ ಕಿಂಡಿಯ ಕಡೆ ತಲೆಯೂ ಹಾಕುತ್ತಿರಲಿಲ್ಲ.

ಇದು ನನಗೆ ಗೊತ್ತಾದದ್ದು ಮದುವೆಯಾದ ಹೊಸತರಲ್ಲಿ. ಊರಿನಿಂದ ಯಾರೋ ಬಂದಿದ್ದಾರೆಂದು ಅವರನ್ನು ಕರೆಯಲು ಬಾವಿಗೆ ಹೋದೆ. ಅವರ ಕೆನ್ನೆ ಉಬ್ಬಿತ್ತು. ನಾನು ನಿಂತೆ, ಅವರು ನುಂಗಿದರು. "ಸೊಸಿ ಆದಾಕಿ ಬಾವಿ ಕಡೆ ಬರೋಮುಂದ ಕೆಮ್ಮಿ ಬರಬೇಕು," ಎಂದರು. ಅಷ್ಟೇ. ಅದಾದ ಮೇಲೆ ನಾನು ಎಂದೂ ಕೆಮ್ಮದೆ ಆ ಕಡೆ ಹೋಗಲಿಲ್ಲ, ಅವರು ಎಂದೂ ಆ ಮಾತು ಎತ್ತಲಿಲ್ಲ. ಇಷ್ಟು ವರ್ಷ ಅತ್ತೆ ಸೊಸೆ ಜಗಳವಿಲ್ಲದೆ ಬಾಳಿದ್ದು ಆ ಕೆಮ್ಮಿನ ಮೇಲೆಯೇ. ಕ್ಯಾಮೆರಾಕ್ಕೆ ಕೆಮ್ಮಲು ಬರುವುದಿಲ್ಲ.

ಸ್ವಾತಂತ್ರ್ಯೋತ್ಸವದ ಸಂಜೆ ಅತ್ತೆ ಬತ್ತಿ ಹೊಸೆಯುತ್ತ ಏನೂ ಅರಿಯದವರಂತೆ ಕೇಳಿದರು: "ಏನೇ, ಆ ಡಬ್ಬಿ ಎಷ್ಟು ದೂರ ನೋಡ್ತದ?"

"ಓಣಿ ತುದಿತನಕ ನೋಡ್ತದ ಅತ್ತೀ."

"ಗೋಡಿ ಅಡ್ಡ ಬಂದ್ರ?"

"ಗೋಡಿಗಿಂತ ಎತ್ತರಕ್ಕ ಅದಲ್ಲ, ಮ್ಯಾಲಿಂದ ಕಾಣಸ್ತದ."

"ಕತ್ತಲ್ಯಾಗ?"

"ಕತ್ತಲ್ಯಾಗೂ ಕಾಣಸ್ತದಂತ."

ಅವರು ಒಂದು ಬತ್ತಿ ಪೂರ್ತಿ ಹೊಸೆದರು. "ವಾಸನಿ ಬರ್ತದೇನು ಅದಕ್ಕ?"

"ವಾಸನಿ ಬರೂದಿಲ್ಲ."

"ಅಷ್ಟರಮಟ್ಟಿಗೆ ಛಲೋ ಆತು," ಎಂದು ನಿಟ್ಟುಸಿರು ಬಿಟ್ಟರು.

ಕ್ಯಾಮೆರಾ ಬಂದ ಮೇಲೆ ಓಣಿಯ ನಡಿಗೆಯೇ ಬದಲಾಯಿತು. ಬರೀ ಪಂಚೆಯಲ್ಲಿ ಕಟ್ಟೆಯ ಮೇಲೆ ಕುಳಿತು ಬೆನ್ನು ಕೆರೆದುಕೊಳ್ಳುತ್ತಿದ್ದ ಹಿರಿಯರೊಬ್ಬರು ಇಸ್ತ್ರಿ ಅಂಗಿ ಹಾಕಿಕೊಂಡು ಕೂರತೊಡಗಿದರು, ಬೆನ್ನು ಕೆರೆಯುವುದಕ್ಕೆ ಒಳಗೆ ಹೋಗಿ ಬರುತ್ತಿದ್ದರು. ಬೀಡಿ ಸೇದುವವರು ಹಿಂದಿನ ಓಣಿಗೆ ಹೋದರು, ಅವರ ಹಿಂದೆ ಹರಟೆ ಹೊಡೆಯುವವರೂ ಹೋದರು. ಮಾಸ್ತರು ದಿನಾ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆ ಕೇಳುತ್ತಿದ್ದರು: ನಿನ್ನೆ ಸಂಜೆ ಮೂಲೆಮನೆಯ ಮುಂದೆ ನಿಂತಿದ್ದ ಕೆಂಪು ಬೈಕು ಯಾರದು? ಮೂಲೆಮನೆಯವರು ಇನ್ನೂ ಮಾತುಕತೆಯಲ್ಲಿದ್ದ ವರನ ವಿಷಯವನ್ನು ಊರಿಗೆಲ್ಲ ಹೇಳಬೇಕಾಯಿತು. ಹೇಳಿದ ವಾರಕ್ಕೆ ಆ ಸಂಬಂಧ ಮುರಿದುಬಿತ್ತು. ಮಾಸ್ತರಿಗೆ ನಿಜವಾಗಿಯೂ ಬೇಜಾರಾಯಿತು, ಆದರೆ ಬೈಕಿನ ನಂಬರ್ ಬರೆದುಕೊಳ್ಳುವುದನ್ನು ಬಿಡಲಿಲ್ಲ.

ನಾನು ನಗುವ ಹಾಗೂ ಇರಲಿಲ್ಲ. ನಾನು ಮಂಡಲ ಕಚೇರಿಯ ನೌಕರಳು. ಮನೆಮನೆಗೆ ಹೋಗಿ ಯಾರಿಗೆ ಎಷ್ಟು ಎಮ್ಮೆ, ಯಾರ ಮನೆಯಲ್ಲಿ ಕೂಲರು, ಯಾರ ಮಗ ಎಲ್ಲಿ ಕೆಲಸ ಎಂದು ಕೇಳಿ ಫೋನಿನಲ್ಲಿ ಒತ್ತುವುದೇ ನನ್ನ ಹೊಟ್ಟೆಪಾಡು. ಹಾಲಹರವಿ ಕಡೆಯ ಹಳ್ಳಿಯೊಂದರಲ್ಲಿ ಒಬ್ಬ ಮುದುಕಿ ನನ್ನ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟು ಕೊನೆಗೆ, "ಇಷ್ಟೆಲ್ಲಾ ಕೇಳ್ತೀಯಲ್ಲವ್ವ, ನಮ್ಮ ಮನಿಗೆ ಸೊಸಿಯಾಗಿ ಬರಾಕಿ ಅದೀಯೇನು?" ಎಂದು ಕೇಳಿದ್ದಳು. ಹಾಗೆ ನೋಡಿದರೆ ನಾನು ಸೀರೆಯುಟ್ಟ ಕ್ಯಾಮೆರಾ.

ಕ್ಯಾಮೆರಾ ಬಂದ ದಿನದಿಂದ ಅತ್ತೆ ಕಿಂಡಿಗೆ ಕೈ ಹಾಕಿರಲಿಲ್ಲ, ಆದರೆ ಸುಮ್ಮನೆ ಕೂರುವವರೂ ಅಲ್ಲ. ಅವರಿಗೆ ಗೊತ್ತಿದ್ದ ಕಾನೂನು ಮಡಿಯದೊಂದೇ, ಅದನ್ನೇ ಕೈಗೆತ್ತಿಕೊಂಡರು. ನಮ್ಮ ಮಾವನವರ ಶ್ರಾದ್ಧದ ದಿನ ಮಂತ್ರಾಲಯದ ಹಿರಿಯ ಆಚಾರ್ಯರು ಊಟಕ್ಕೆ ಕುಳಿತಿದ್ದರು. ಪಕ್ಕದ ಎಲೆಗೆ ಡ್ರಿಲ್ ಮಾಸ್ತರು. ಹುಳಿ ಬಡಿಸಿದ್ದಾಗಿತ್ತು, ಹಯಗ್ರೀವ ಇನ್ನೂ ಒಳಗಿತ್ತು. ಅಡುಗೆಮನೆಯ ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು.

"ಒಂದು ಸಂಶಯ ಅದರಿ. ಮಡಿನೀರು ತರೋಮುಂದ ಸ್ನಾನ ಆಗದವರು ನೋಡಿದ್ರ ಆ ನೀರು ನಡೀತದೇನ್ರಿ?"

"ಮುಟ್ಟಿದ್ರ ಹೋಗ್ತದವಾ, ನೋಡಿದ್ರ ಹೋಗೂದಿಲ್ಲ," ಎಂದರು ಆಚಾರ್ಯರು.

"ಹಾಸಿಗ್ಯಾಗ ಬಿದ್ದುಕೊಂಡು, ಬಾಯಿ ಸೈತ ತೊಳೀದ, ಫೋನಿನೊಳಗ ನಮ್ಮ ಮ್ಯಾಲೆ ಎರಡು ಬೆರಳಿಟ್ಟು ಹಿಗ್ಗಿಸಿ ಹಿಗ್ಗಿಸಿ ನೋಡ್ತಾರಲ್ರಿ. ಬೆರಳಿಟ್ರ ಅದು ನೋಡಿದ್ದೋ, ಮುಟ್ಟಿದ್ದೋ?"

ಮಾಸ್ತರ ಕೈಯ ತುತ್ತು ಅರ್ಧದಲ್ಲೇ ನಿಂತಿತು. ಆಚಾರ್ಯರು ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ಬಾಗಿಲ ಹಿಂದೆ ಹಯಗ್ರೀವದ ಪಾತ್ರೆಯ ಮುಚ್ಚಳ ಸಣ್ಣಗೆ ಸದ್ದು ಮಾಡಿತು. ಆಚಾರ್ಯರು ಕಣ್ಣು ತೆರೆದು, "ನೋಡುವವರು ಸ್ನಾನ ಮಾಡಿ ನೋಡೋದು ಒಳ್ಳೇದು," ಎಂದು ತೀರ್ಪು ಕೊಟ್ಟರು. ಹಯಗ್ರೀವ ಬಂತು.

ಮಾಸ್ತರು ಕಪಟವರಿಯದ ಆಸ್ತಿಕರು. ಮರುದಿನದಿಂದ ಸ್ನಾನವಾಗುವವರೆಗೆ ಫೋನು ಮುಟ್ಟುವುದನ್ನು ಬಿಟ್ಟರು. ಅವರ ಮನೆಯ ಬಚ್ಚಲೊಲೆ ಹತ್ತುವುದು ಸೂರ್ಯ ಬಂದ ಮೇಲೆ. ಅಷ್ಟರೊಳಗೆ ನಮ್ಮ ಅತ್ತೆಯ ಉಗ್ಗಾಣಿಯೂ ಆಗಿ, ಸ್ನಾನವೂ ಆಗಿ, ಕೊಡ ಮನೆಯೊಳಗೆ ಬಂದಿರುತ್ತಿತ್ತು. ಆ ದಿನಗಳಲ್ಲಿ ಅವರ ನಡಿಗೆಯಲ್ಲಿ ಒಂದು ಠೇಂಕಾರ ಬಂದಿತ್ತು. ಅಡುಗೆಮನೆಯಲ್ಲಿ ದೇವರನಾಮ ಹಾಡುವ ದನಿಯೂ ಏರಿತ್ತು. ನನಗೂ ಒಳಗೊಳಗೇ ಖುಷಿಯೋ ಖುಷಿ.

ಅದನ್ನು ಕೆಡಿಸಿದ್ದು ಮಾಸ್ತರ ಒಳ್ಳೆಯತನ. ದೀಪಾವಳಿ ಹತ್ತಿರ ಬಂದಾಗ ಒಂದು ಸಂಜೆ ಕಟ್ಟೆಗೆ ಬಂದು ಅತ್ತೆಗೆ ಧೈರ್ಯ ಹೇಳಿದರು: "ವೈನಿ, ನೀವು ಚಿಂತಿ ಮಾಡಬ್ಯಾಡ್ರಿ. ಬೆಳಿಗ್ಗೆ ನಾ ನೋಡದಿದ್ರೂ ಠಾಣ್ಯಾಗ ಯಾವಾಗ್ಲೂ ನೋಡ್ತಿರ್ತಾರ. ಅದಕ್ಕಂತನ ಹೆಣ್ಣುಮಕ್ಕಳನ್ನ ಕೂಡ್ಸ್ಯಾರ. ನೀವು ಬಾವಿಗೆ ಹೋಗೋದು ಬರೋದು ಎಲ್ಲಾ ಅವರ ಕಣ್ಣಾಗ ಇರ್ತದ."

ಅತ್ತೆಯ ಮುಖ ಸಣ್ಣಗಾಯಿತು. ಠಾಣೆಯ ಮಾತು ಅವರು ಅಲ್ಲಿಯವರೆಗೆ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ನೋಡುವವರೆಂದರೆ ಮಾಸ್ತರು ಎಂದೇ ಅವರ ಎಣಿಕೆ. ಮಾಸ್ತರನ್ನಾದರೆ ಶಾಸ್ತ್ರ ಹೇಳಿ ಕಟ್ಟಿಹಾಕಬಹುದು, ಕಾಣದವರನ್ನು ಹೇಗೆ ಕಟ್ಟುವುದು?

ಮರುದಿನದಿಂದ ಅವರು ಬಾವಿಗೆ ಹೋಗಲಿಲ್ಲ. ಬಚ್ಚಲಲ್ಲಿ ನಲ್ಲಿಯ ನೀರಿನಲ್ಲೇ ಸ್ನಾನ ಮುಗಿಸಿದರು. ಹಾಡು ನಿಂತಿತು. ಸಾರಿಗೆ ಒಂದು ದಿನ ಉಪ್ಪೇ ಇರಲಿಲ್ಲ, ಇನ್ನೊಂದು ದಿನ ಎರಡು ಸಲ ಬಿದ್ದಿತ್ತು. ನಾನು ಕಚೇರಿಗೆ ಹೋಗುವ ದಾರಿಯಲ್ಲಿ ಉಗ್ಗಾಣಿಯವಳು ಸೌಟು ಹಿಡಿದೇ ಎದ್ದು ಬಂದು ಕೇಳಿದಳು: "ಅಮ್ಮಾರು ಯಾಕ ಬರವಲ್ರು? ಆರಾಮ ಇಲ್ಲೇನ್ರಿ? ದಿನಾ ಒಂದೆಲಿ ತೆಗೆದಿಡ್ತೀನಿ, ಆರಿ ಹೋಗ್ತೈತಿ." ಒಂದು ಎಲೆ ಮಂಡಕ್ಕಿಗೆ ಒಬ್ಬ ಮುದುಕಿ ಹೀಗೆ ಬಾಡಿಹೋಗುವುದೇ ಎಂದು ನಗಬಹುದು. ನಾನೂ ನಗುವವಳೇ. ಆದರೆ ಅವರ ಇಡೀ ದಿನದಲ್ಲಿ ಯಾರ ಅತ್ತೆಯೂ ಅಲ್ಲದೆ, ಯಾರ ತಾಯಿಯೂ ಅಲ್ಲದೆ, ಯಾರ ಮಡಿಯೂ ಅಲ್ಲದೆ ಕಾಲು ಅಲ್ಲಾಡಿಸಿಕೊಂಡು ಕೂರುತ್ತಿದ್ದ ಹೊತ್ತು ಅದೊಂದೇ ಎಂದು ನನಗೆ ಗೊತ್ತಿತ್ತು.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ರೇಷ್ಮೆ ಸೀರೆ ಉಟ್ಟು ಹೊರಗೆ ಬಂದರು. "ನಡಿ, ಠಾಣೆಗೆ ಹೋಗೂಣು."

"ಠಾಣೆಗೆ ಯಾಕ ಅತ್ತೀ?"

"ನನ್ನ ನೋಡಾಕಿನ್ನ ನಾ ಒಮ್ಮೆ ನೋಡಬೇಕು."

ಸರ್ಕಾರಿ ನೌಕರಳು ಅತ್ತೆಯನ್ನು ಕಟ್ಟಿಕೊಂಡು ಠಾಣೆಯ ಮೆಟ್ಟಿಲು ಹತ್ತುವುದೆಂದರೇನು? ಬೇಡವೆಂದು ಹೇಳುವಷ್ಟರಲ್ಲಿ ಎದುರುಮನೆಯ ಮಾಸ್ತರು ಸೀಟಿ ಸರಿಮಾಡಿಕೊಂಡು ಬಂದೇಬಿಟ್ಟರು. ಹಿರಿಯ ನಾಗರಿಕರು ಕ್ಯಾಮೆರಾದ ವ್ಯವಸ್ಥೆ ನೋಡಲು ಹೋಗುತ್ತಿದ್ದಾರೆಂದು ಅವರಿಗೆ ಹೆಮ್ಮೆ. ಆಟೋದಲ್ಲಿ ಮುಂದೆ ಅವರು, ಹಿಂದೆ ನಾವು.

ಇನ್‌ಸ್ಪೆಕ್ಟರು ಮರ್ಯಾದಸ್ಥ ಮನುಷ್ಯ. ಗೋದಾವರಿ ಕಡೆಯವರಾದರೂ ಇಲ್ಲಿಗೆ ಬಂದ ಮೇಲೆ ಕನ್ನಡ ಕಲಿತಿದ್ದರು. "ಕೂರ್ಚೋಂಡಿ ಅಮ್ಮಾ, ಕೂಡ್ರಿ, ಏನು ಪ್ರಾಬ್ಲಂ?" ಎಂದು ಎರಡೂ ಭಾಷೆಯಲ್ಲಿ ಕುರ್ಚಿ ಕೊಟ್ಟರು. ಅತ್ತೆ ವಿಷಯ ಹೇಳಿದಾಗ ನಕ್ಕು, ಒಳಕೋಣೆಗೆ ಕರೆದುಕೊಂಡು ಹೋದರು. ಗೋಡೆಯ ತುಂಬ ಪರದೆಗಳು. ಬಸ್ ಸ್ಟ್ಯಾಂಡು, ಮಾರ್ಕೆಟ್ ಯಾರ್ಡು, ಗೊತ್ತಿಲ್ಲದ ಹತ್ತಾರು ಓಣಿಗಳು, ಎಲ್ಲೆಲ್ಲೂ ತಮ್ಮ ಪಾಡಿಗೆ ತಾವು ನಡೆಯುತ್ತಿದ್ದ ಜನ. ಎದುರಿಗೆ ಖಾಕಿ ತೊಟ್ಟ ಒಬ್ಬ ಹುಡುಗಿ ಕುಳಿತಿದ್ದಳು, ನಮ್ಮ ಕಡೆಯ ಹಳ್ಳಿಯವಳೇ. ತಿರುಗಿ ನೋಡಿದವಳು ಅತ್ತೆಯನ್ನು ಕಂಡು ಸಂಭ್ರಮದಿಂದ ಎದ್ದು ನಿಂತಳು.

"ಅಯ್ಯ, ಉಗ್ಗಾಣಿ ಅವ್ವಾ! ಬಂದ್ರ್ಯಾ? ಒಂದು ವಾರದಿಂದ ಬಾವಿಗೆ ಬಂದೇ ಇಲ್ಲಲ್ರಿ ನೀವು! ಏನಾಗೇತೋ ಏನೋ ಅಂತ ನಂಗ ಭಾಳ ಚಿಂತಿ ಆಗಿತ್ತು. ನೀವು ಕಾಲು ಅಲ್ಲಾಡಿಸ್ಕೊಂತ ಬಜ್ಜಿ ತಿನ್ನೋದು ನೋಡಿದ್ರ ನಮ್ಮ ಅಜ್ಜಿ ನೆನಪಾಕಾಳ."

ಅವಳ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಅದಕ್ಕೇ ಅವಳ ಬಾಯಿ ಮುಚ್ಚಿಸಲೂ ಆಗಲಿಲ್ಲ. ನಾನು ಮಾಸ್ತರ ಕಡೆ ನೋಡಿದೆ. ಅವರು ಪರದೆಯನ್ನೇ ನೋಡುತ್ತಿದ್ದರು, ಆದರೆ ಏನೂ ನೋಡುತ್ತಿರಲಿಲ್ಲ. ಇಷ್ಟು ವರ್ಷ ಇದೇ ಕೈಯ ಅಡುಗೆಯನ್ನು ಅವರು ತಮ್ಮ ತಂದೆಯ ಶ್ರಾದ್ಧಕ್ಕೆ ಮಾಡಿಸಿದ್ದರು.

ಅತ್ತೆ ಬೆದರಲಿಲ್ಲ. ಹುಡುಗಿಯ ಹತ್ತಿರ ಹೋಗಿ ಅವಳ ಮುಖವನ್ನು ಚೆನ್ನಾಗಿ ನೋಡಿದರು. "ನೀ ಬೆಳಿಗ್ಗೆ ಏನು ತಿಂತೀ ಮಗಳ?"

"ಏನೋ ಸಿಕ್ಕಿದ್ದು ತಿಂತೀನಿ ಅವ್ವಾ."

"ತಿನ್ನೋಮುಂದ ಯಾರು ನೋಡ್ತಾರ?"

"ಯಾರೂ ನೋಡಲ್ರಿ."

"ಪುಣ್ಯವಂತಿ," ಎಂದರು ಅತ್ತೆ.

ಇನ್‌ಸ್ಪೆಕ್ಟರು ಸಮಾಧಾನ ಹೇಳಲು ಬಂದರು. "ಅಮ್ಮಾ, ಉಗ್ಗಾಣಿ ತಿಂದರೆ ತಪ್ಪೇನಿದೆ? ಇದು ಸ್ವತಂತ್ರ ದೇಶ. ಏನು ಬೇಕಾದರೂ ತಿನ್ನಿ, ಕೇಳೋರು ಯಾರು?"

"ತಿನ್ನೋ ಸ್ವಾತಂತ್ರ್ಯ ಅದರಿ, ಗೊತ್ತದ. ತಿಂದದ್ದನ್ನ ಹೇಳದ ಇರೋ ಸ್ವಾತಂತ್ರ್ಯ ಅದ ಏನು? ನಾ ತಪ್ಪು ಮಾಡಿಲ್ಲ. ತಪ್ಪು ಮಾಡಿಲ್ಲ ಅಂದಮಾತ್ರಕ್ಕ ಎಲ್ಲಾ ತೋರಸಬೇಕೇನು?"

ಕಂಬವನ್ನು ತೆಗೆಸುವುದು ತಮ್ಮ ಕೈಯಲ್ಲಿಲ್ಲ, ಮೇಲಿನವರ ಆರ್ಡರು ಬೇಕು ಎಂದರು ಇನ್‌ಸ್ಪೆಕ್ಟರು. ಹುಡುಗಿಗೆ ಮಾತ್ರ ಕಣ್ಣು ತುಂಬಿ ಬಂದಿತ್ತು. ಪರದೆಯಲ್ಲಿ ಬೇಡದ ಜಾಗವನ್ನು ಮುಚ್ಚಬಹುದು ಎಂದು ಹೇಳಿ ಏನೋ ಒತ್ತಿದಳು. ನಮ್ಮ ಓಣಿಯ ಚಿತ್ರದಲ್ಲಿ ಬಾವಿ ಇದ್ದ ಕಡೆ ಒಂದು ಕರಿ ಚೌಕ ಬಂದು ಕೂತಿತು. ಗೋಡೆ ತುಂಬಿದ ಇಡೀ ಆದೋನಿಯಲ್ಲಿ ಅದೊಂದೇ ಕಪ್ಪು. ಅತ್ತೆ ಕನ್ನಡಕ ಸರಿಮಾಡಿಕೊಂಡು ಅದನ್ನು ನೋಡಿದರು.

"ಇದೇನವಾ? ಅಲ್ಲಿ ಏನೋ ನಡೀತದ ಅಂತ ಈಗ ಎಲ್ಲಾರಿಗೂ ಗೊತ್ತಾಗ್ತದ," ಎಂದರು. ನಗು ತಡೆಯಲಾಗದೆ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಆಟೋ ಇಳಿಯುವಾಗ ಮಾಸ್ತರು, "ವೈನಿ, ನಾ ಯಾರ ಮುಂದೂ ಬಾಯಿ ಬಿಡೂದಿಲ್ಲ," ಎಂದರು. ಅತ್ತೆ ಸೀರೆಯ ನೆರಿಗೆ ಎತ್ತಿಕೊಂಡು ಇಳಿದು, "ನಿಮ್ಮ ಬಾಯಿ ನಂಬ್ತೀನಿ ಮಾಸ್ತರ. ನಿಮ್ಮ ಮನಿಯವ್ರ ಕಿವಿ ನಂಬೂದಿಲ್ಲ," ಎಂದರು.

ಮಾಸ್ತರು ಹೇಳಿದರೋ, ಠಾಣೆಯ ಹುಡುಗಿಯೇ ಅಕ್ಕರೆಯಿಂದ ಯಾರ ಮುಂದಾದರೂ ಹೇಳಿದಳೋ, ಇಂದಿಗೂ ನನಗೆ ತಿಳಿಯದು. ಮುಂದಿನ ತಿಂಗಳು ಮೂಲೆಮನೆಯ ಶ್ರಾದ್ಧಕ್ಕೆ ಅಡುಗೆಯವರು ಎಮ್ಮಿಗನೂರಿನಿಂದ ಬಂದರು. ಯಾರೂ ಜಗಳ ಮಾಡಲಿಲ್ಲ, ಯಾರೂ ಒಂದು ಮಾತು ಕೆಟ್ಟದಾಗಿ ಆಡಲಿಲ್ಲ. "ವಯಸ್ಸಾದವರಿಗೆ ಯಾಕ ತ್ರಾಸ ಕೊಡೋದು ಅಂತ," ಎಂದು ನನಗೆ ಹೇಳಿ ಕಳಿಸಿದರು. ಅತ್ತೆಯ ಕೈಯ ಹಯಗ್ರೀವ ಕೇಳಿ ಹಾಕಿಸಿಕೊಳ್ಳುತ್ತಿದ್ದ ಆಚಾರ್ಯರು ನಮ್ಮ ಮನೆಗೆ ಬಂದಾಗ ಹೊಟ್ಟೆ ಸರಿಯಿಲ್ಲವೆಂದು ಬಾಳೆಹಣ್ಣು, ಹಾಲು ತೆಗೆದುಕೊಂಡು ಹೊರಟರು. ಅತ್ತೆ ಬಾಗಿಲ ಹಿಂದೆ ಸೌಟು ಹಿಡಿದು ನಿಂತೇ ಇದ್ದರು. ಕಳ್ಳನನ್ನು ಹಿಡಿಯಲು ಹಾಕಿದ ಕಣ್ಣು ಅಲ್ಲಿಯವರೆಗೆ ಒಂದು ಸಿಲಿಂಡರನ್ನೂ ಹಿಡಿದುಕೊಟ್ಟಿರಲಿಲ್ಲ.

ಮನೆಯಲ್ಲಿ ನನ್ನ ಯಜಮಾನರು ಮಾತ್ರ ಕೊಲೆ ಸುದ್ದಿ ಕೇಳಿದವರಂತೆ, "ಅಮ್ಮಾ, ಉಳ್ಳಾಗಡ್ಡಿನಾ?" ಎಂದು ಕೇಳಿದರು. ಅವರ ತಾಯಿ, "ಹೌದಪಾ, ಉಳ್ಳಾಗಡ್ಡಿ. ನೀ ಬ್ಯಾಂಕಿನ ಹಿಂದಿನ ಹೋಟೆಲಿನೊಳಗ ತಿಂತೀಯಲ್ಲ, ಅದೇ," ಎಂದರು. ಯಜಮಾನರು ಪೇಪರಿನ ಹಿಂದೆ ಮಾಯವಾದರು. ಯಾವ ಕ್ಯಾಮೆರಾವೂ ಇಲ್ಲದೆ ಅದು ಅತ್ತೆಗೆ ಹೇಗೆ ಗೊತ್ತಾಗಿತ್ತೋ, ಇಷ್ಟು ವರ್ಷ ಅವರು ಅದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ, ಬಿಸಿಲು ಚೆನ್ನಾಗಿ ಬಿದ್ದ ಮೇಲೆ, ಅತ್ತೆ ಕುರ್ಚಿಯೊಂದನ್ನು ಕಂಬದ ಕೆಳಗೆ ಹಾಕಿಸಿದರು. "ಮುಚ್ಚಿಡೋದು ಇಲ್ಲದ ಮ್ಯಾಲೆ ಗೋಡಿ ಯಾಕ?" ಎಂದು ಹೇಳಿ, ಉಗ್ಗಾಣಿಯವಳನ್ನು ಓಣಿಯೊಳಗೇ ಕರೆಸಿದರು. ಅವಳು ಹೆದರುತ್ತ ಹೆದರುತ್ತ ತಟ್ಟೆ ತಂದುಕೊಟ್ಟಳು, ಎರಡು ಬಜ್ಜಿ ಇಟ್ಟು. ಜನ ಕಿಟಕಿಗಳಿಗೆ ಬಂದರು. ಇಸ್ತ್ರಿ ಅಂಗಿಯ ಹಿರಿಯರು ಎದ್ದು ನಿಂತರು. ಮಾಸ್ತರಿಗಂತೂ ಎಲ್ಲಿಲ್ಲದ ಹುರುಪು ಬಂತು. ತಮ್ಮಿಂದ ಏನೋ ಕೆಟ್ಟಿದೆ ಎಂಬ ಭಾರ ಅವರ ಮೇಲಿತ್ತು, ಅದು ಇಳಿಯಿತೆಂದುಕೊಂಡರೋ ಏನೋ. "ಭೇಷ್ ವೈನಿ! ಅಂಜಿಕಿ ಇಲ್ಲದ ಬದುಕೋದಂದ್ರ ಇದು! ಇದು ನೋಡ್ರಿ ಖರೆ ಸ್ವಾತಂತ್ರ್ಯ!" ಎಂದು ಕೂಗಿ ಚಪ್ಪಾಳೆ ತಟ್ಟಿದರು. ನಾಲ್ಕು ಜನ ಅವರ ಜೊತೆ ತಟ್ಟಿದರು. ಯಾರೋ ಫೋನು ತೆಗೆದು ಹಿಡಿದರು.

ಅತ್ತೆ ನೆಟ್ಟಗೆ ಕುಳಿತು ಮೂರು ನಾಲ್ಕು ತುತ್ತು ತಿಂದರು. ಬಜ್ಜಿಯ ತುದಿ ಕಚ್ಚಿದರು. ಆಮೇಲೆ ತಟ್ಟೆಯನ್ನು ಮಡಿಲಲ್ಲಿ ಇಳಿಸಿಕೊಂಡರು.

ಉಗ್ಗಾಣಿಯವಳ ಮುಖ ಬಾಡಿತು. "ಯಾಕವ್ವಾ, ಉಪ್ಪು ಕಡಿಮಿ ಆಗೈತೇನ್ರಿ?"

"ಎಲ್ಲಾ ಸರಿ ಅದವಾ," ಎಂದರು ಅತ್ತೆ, ಅವಳಿಗೆ ಮಾತ್ರ ಕೇಳುವ ಹಾಗೆ. ಪಕ್ಕದಲ್ಲಿದ್ದುದರಿಂದ ನನಗೂ ಕೇಳಿಸಿತು. "ಇಷ್ಟು ದಿನ ತಿಂತಿದ್ದೆ. ಇವತ್ತು ತಿಂದು ತೋರಿಸ್ಲಿಕ್ಕತ್ತೀನಿ."

ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಅಂದಿನಿಂದ ಅವರು ಉಗ್ಗಾಣಿ ತಿಂದದ್ದನ್ನು ನಮ್ಮ ಓಣಿಯಲ್ಲಿ ಯಾರೂ ನೋಡಿಲ್ಲ. ನಾನೂ ನೋಡಿಲ್ಲ. ನೋಡಲು ಹೋಗಿಯೂ ಇಲ್ಲ.